ಗಡಿಯಾರಕ್ಕಿಂತ ಮೊದಲು ಅಯಸ್ಕಾಂತ

ನಿಮ್ಮಲ್ಲಿ ಯಾರಾದರೂ ಬೋನ್ ಸ್ಕ್ಯಾನ್ ಮಾಡಿಸಿದ್ದರೆ ಟೆಕ್ನೀಷಿಯಂ ಅನ್ನೋ ಹೆಸರು ಕಿವಿಗೆ ಬಿದ್ದಿರುತ್ತದೆ. ಸೂಜಿಯಲ್ಲಿ ಕೊಡುವುದು ಟೆಕ್ನೀಷಿಯಂ-99ಎಂ. ಅದರ ನ್ಯೂಕ್ಲಿಯಸ್‌ನಲ್ಲಿ 142.7 ಕಿಲೋ ಎಲೆಕ್ಟ್ರಾನ್ ವೋಲ್ಟ್‌ನಷ್ಟು ಜಾಸ್ತಿ ಶಕ್ತಿ ಇರುತ್ತದೆ. ಇನ್ನು ಮುಂದೆ ಇದನ್ನು ಕೆಇವಿ ಅಂತ ಚಿಕ್ಕದಾಗಿ ಹೇಳುತ್ತೇನೆ. ಆ ಶಕ್ತಿಯನ್ನು ಅದು ಎರಡು ಕಂತಿನಲ್ಲಿ ಕಳೆದುಕೊಳ್ಳುತ್ತದೆ. ಮೊದಲು ಬರೀ 2.17 ಕೆಇವಿ, ಆಮೇಲೆ 140.5 ಕೆಇವಿ. ಗಾಮಾ ಕ್ಯಾಮೆರಾ ನೋಡುವುದು ಈ ಎರಡನೆಯದನ್ನು.

ಮೊದಲ ಕಂತಿನ ಅರ್ಧಾಯುಷ್ಯ, ಅಂದರೆ ಇರುವ ನ್ಯೂಕ್ಲಿಯಸ್‌ಗಳಲ್ಲಿ ಅರ್ಧದಷ್ಟು ಆ ಶಕ್ತಿ ಬಿಡಲು ಹಿಡಿಯುವ ಸಮಯ, 6 ಗಂಟೆ. ಹಾಗಾಗಿಯೇ ಆಸ್ಪತ್ರೆಯಲ್ಲಿ ಅದು ಉಪಯೋಗಕ್ಕೆ ಬರುತ್ತದೆ. ಎರಡನೆಯದರದ್ದು 0.19 ನ್ಯಾನೋಸೆಕೆಂಡ್. ನ್ಯಾನೋಸೆಕೆಂಡ್ ಅಂದರೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಭಾಗ. ಒಂದೇ ನ್ಯೂಕ್ಲಿಯಸ್, ಅದರ ಶಕ್ತಿಯ ಎರಡು ಮೆಟ್ಟಿಲುಗಳ, ಅಂದರೆ ಮಟ್ಟಗಳ ನಡುವೆ ಇರುವುದು ಎರಡು ಕೆಇವಿ ವ್ಯತ್ಯಾಸ. ಆಯುಷ್ಯದಲ್ಲಿ ಮಾತ್ರ ನೂರು ಲಕ್ಷ ಕೋಟಿ ಪಟ್ಟು ಅಂತರ! ಆರು ಗಂಟೆಯನ್ನು ಕೈಗಡಿಯಾರ ಇಟ್ಟುಕೊಂಡು ಅಳೆಯಬಹುದು. 0.19 ನ್ಯಾನೋಸೆಕೆಂಡನ್ನು ಹೇಗೆ ಅಳೆದರು? ಅದಕ್ಕಿಂತ ಚಿಕ್ಕದನ್ನು ಹೇಗೆ ಅಳೆಯುತ್ತಾರೆ? ಇವತ್ತಿನ ಮಾತು ಅದರ ಬಗ್ಗೆ.

ಇಂಥ ಮಾತು ಬಂದಾಗ ಎಲ್ಲರಿಗೂ ಮೊದಲು ಹೊಳೆಯುವುದು ವೇಗದ ಎಲೆಕ್ಟ್ರಾನಿಕ್ಸ್. ಅದು ಬೇಕು, ಇಲ್ಲ ಅನ್ನುವುದಿಲ್ಲ. ಆದರೆ ಈ ಅಳತೆಗಳ ಇತಿಹಾಸ ನೋಡಿದರೆ ನನಗೆ ಅನ್ನಿಸುವುದು ಬೇರೆ. ಎಷ್ಟು ಬೇಗ ಅಳೆದೆವು ಅನ್ನುವುದಕ್ಕಿಂತ ಯಾವುದನ್ನು ಅಳೆಯುತ್ತಿದ್ದೇವೆ ಅಂತ ಖಚಿತವಾಗಿ ಗೊತ್ತಿರುವುದು ಮುಖ್ಯ. ಆ ಖಾತ್ರಿ ಕೊಟ್ಟಿದ್ದು ಅಯಸ್ಕಾಂತ.

ಮೊದಲು ಎಲೆಕ್ಟ್ರಾನ್ ಎಲ್ಲಿಂದ ಬರುತ್ತದೆ ನೋಡೋಣ. ಉತ್ತೇಜಿತ ನ್ಯೂಕ್ಲಿಯಸ್ ಶಕ್ತಿ ಬಿಟ್ಟುಕೊಡಲು ಗಾಮಾ ಕಿರಣವನ್ನೇ ಹೊರಹಾಕಬೇಕು ಅಂತೇನಿಲ್ಲ. ತನ್ನ ಸುತ್ತಲೇ ಇರುವ ಪರಮಾಣುವಿನ ಎಲೆಕ್ಟ್ರಾನ್‌ಗೆ ಆ ಶಕ್ತಿಯನ್ನು ನೇರವಾಗಿ ಕೊಟ್ಟುಬಿಡಬಹುದು. ಎಲೆಕ್ಟ್ರಾನ್ ಪರಮಾಣು ಬಿಟ್ಟು ಹೊರಗೆ ಹಾರುತ್ತದೆ. ಇದಕ್ಕೆ ಆಂತರಿಕ ಪರಿವರ್ತನೆ ಅನ್ನುತ್ತಾರೆ. ಹೊರಬಂದ ಎಲೆಕ್ಟ್ರಾನ್‌ನ ಶಕ್ತಿ ಎಷ್ಟು? ನ್ಯೂಕ್ಲಿಯಸ್ ಕೊಟ್ಟಿದ್ದರಲ್ಲಿ, ಎಲೆಕ್ಟ್ರಾನನ್ನು ಪರಮಾಣುವಿನಿಂದ ಬಿಡಿಸಲು ಖರ್ಚಾಗಿದ್ದನ್ನು ಕಳೆಯಿರಿ. ಪಾದರಸ-198ರ 411.8 ಕೆಇವಿ ಮಟ್ಟವನ್ನು ತೆಗೆದುಕೊಳ್ಳಿ. ಪಾದರಸದ ಕೆ ಕವಚದಿಂದ, ಅಂದರೆ ನ್ಯೂಕ್ಲಿಯಸ್‌ಗೆ ತೀರಾ ಹತ್ತಿರದ ಪದರದಿಂದ, ಎಲೆಕ್ಟ್ರಾನ್ ಬಿಡಿಸಲು 83.1 ಕೆಇವಿ ಬೇಕು. ಉಳಿದದ್ದು 328.7. ಹಾಗೆ ಬರುವ ಪ್ರತಿ ಎಲೆಕ್ಟ್ರಾನೂ ಅದೇ ಶಕ್ತಿಯಲ್ಲಿ ಬರುತ್ತದೆ. ಅದರ ಹೊರಗಿನ ಎಲ್ ಕವಚದಿಂದ ಬಂದರೆ ಸುಮಾರು 397. ಇಂಥ ಒಂದೊಂದು ನಿಗದಿತ ಶಕ್ತಿಗೆ ಗೆರೆ ಅನ್ನುತ್ತಾರೆ. ಹೀಗೆ ಒಂದೊಂದು ಗೆರೆಗೂ ಒಂದೊಂದು ಗುರುತು.

ಇಲ್ಲೊಂದು ಕಥೆ ಹೇಳಲೇಬೇಕು. ಈ ಗೆರೆಗಳನ್ನು 1910ರ ಸುಮಾರಿಗೆ ಬರ್ಲಿನ್‌ನಲ್ಲಿ ಫೋಟೋ ಪ್ಲೇಟಿನ ಮೇಲೆ ಕಂಡವರು ಬಾಯರ್, ಹಾನ್ ಮತ್ತು ಮೈಟ್ನರ್. 1914ರಲ್ಲಿ ಅದೇ ಊರಲ್ಲಿ ಜೇಮ್ಸ್ ಚಾಡ್ವಿಕ್, ನ್ಯೂಕ್ಲಿಯಸ್ ಕ್ಷಯಿಸುವಾಗ ಅದರೊಳಗಿಂದಲೇ ಹೊರಡುವ ಬೀಟಾ ಎಲೆಕ್ಟ್ರಾನ್‌ಗಳ ಶಕ್ತಿ ಗೆರೆಗೆರೆಯಾಗಿರದೆ ಒಂದೇ ಸಮನೆ ಹರಡಿಕೊಂಡಿದೆ, ಗೆರೆಗಳು ಅದರ ಮೇಲೆ ಕೂತಿವೆ ಅಂತ ತೋರಿಸಿದರು. ಅಷ್ಟರಲ್ಲಿ ಯುದ್ಧ ಶುರುವಾಯಿತು. ಇಂಗ್ಲಿಷರಾದ ಚಾಡ್ವಿಕ್ ರೂಲೆಬೆನ್ ಶಿಬಿರದಲ್ಲಿ ಸೆರೆಯಾದರು. ಅದು ಕುದುರೆ ರೇಸಿನ ಮೈದಾನ, ಇವರನ್ನು ಇಟ್ಟಿದ್ದು ಕುದುರೆ ಲಾಯದಲ್ಲಿ. ಆಗ ಬರ್ಲಿನ್‌ನಲ್ಲಿ ಥೋರಿಯಂ ಹಾಕಿದ ಹಲ್ಲಿನ ಪೇಸ್ಟ್ ಮಾರುತ್ತಿದ್ದರು. ಚಾಡ್ವಿಕ್ ಅದನ್ನೇ ತರಿಸಿಕೊಂಡು ಲಾಯದಲ್ಲಿ ವಿಕಿರಣದ ಪ್ರಯೋಗ ಮಾಡಿದರು! ರಜೆಗೆಂದು ಜರ್ಮನಿಗೆ ಬಂದು ಸಿಕ್ಕಿಹಾಕಿಕೊಂಡ ಚಾರ್ಲ್ಸ್ ಎಲಿಸ್ ಅನ್ನೋ ಸೈನಿಕ ಶಾಲೆಯ ಹುಡುಗನೂ ಅಲ್ಲಿದ್ದ. ಚಾಡ್ವಿಕ್ ಸಹವಾಸದಲ್ಲಿ ಅವನಿಗೆ ಭೌತಶಾಸ್ತ್ರದ ಹುಚ್ಚು ಹಿಡಿಯಿತು. ಯುದ್ಧ ಮುಗಿದ ಮೇಲೆ ಕೇಂಬ್ರಿಜ್‌ಗೆ ಹೋಗಿ, ಈ ಗೆರೆಗಳು ನ್ಯೂಕ್ಲಿಯಸ್‌ನ ಮಟ್ಟಗಳ ಗುರುತು ಅಂತ ಬಿಡಿಸಿ ಹೇಳಿದ್ದು ಅದೇ ಎಲಿಸ್.

ವಿದ್ಯಾರ್ಥಿಗಳು ಇದ್ದೀರಿ, ಅದಕ್ಕೆ ಇನ್ನೊಂದು ಮಾತು. ಗಾಮಾ ಕಿರಣ ಮೊದಲು ಹೊರಟು, ದಾರಿಯಲ್ಲಿ ಎಲೆಕ್ಟ್ರಾನಿಗೆ ಡಿಕ್ಕಿ ಹೊಡೆದು, ಅದನ್ನು ಕೆಡವುತ್ತದೆ ಅಂತ ಎಷ್ಟೋ ಜನ ತಿಳಿದಿರುತ್ತಾರೆ. ಹಾಗಲ್ಲ. ಜರ್ಮೇನಿಯಂ-72ರಲ್ಲಿ 691 ಕೆಇವಿ ಮಟ್ಟ ಒಂದಿದೆ. ಅದರ ಸ್ಪಿನ್, ಅಂದರೆ ತಿರುಗುವಿಕೆಯ ಅಳತೆ, ಸೊನ್ನೆ; ಕೆಳಗಿನ ಮಟ್ಟದ್ದೂ ಸೊನ್ನೆ. ಸೊನ್ನೆಯಿಂದ ಸೊನ್ನೆಗೆ ಒಂದು ಗಾಮಾ ಹೊರಡುವಂತೆಯೇ ಇಲ್ಲ. ಆದರೂ ಅಲ್ಲಿಂದ ಎಲೆಕ್ಟ್ರಾನ್ ಬರುತ್ತದೆ, 0.44 ಮೈಕ್ರೋಸೆಕೆಂಡ್ ಅರ್ಧಾಯುಷ್ಯದಲ್ಲಿ. ಗಾಮಾ ಡಿಟೆಕ್ಟರ್ ಇಟ್ಟುಕೊಂಡು ಕಾದರೆ ಆ ಇಳಿತ ನಿಮಗೆ ಕಾಣುವುದೇ ಇಲ್ಲ.

ಟೆಕ್ನೀಷಿಯಂನ 2.17 ಕೆಇವಿ ಕಂತೂ ಹೀಗೇ. ಅದು ಹೆಚ್ಚುಕಡಿಮೆ ಪೂರ್ತಿ ಎಲೆಕ್ಟ್ರಾನ್ ಆಗಿಯೇ ಹೋಗುತ್ತದೆ. ಕೆ, ಎಲ್ ಕವಚದ ಎಲೆಕ್ಟ್ರಾನ್ ಬಿಡಿಸಲು ಅಷ್ಟು ಶಕ್ತಿ ಸಾಲದು. ಹಾಗಾಗಿ ಎಂ, ಎನ್ ಅಂತ ಹೊರಗಿನ ಕವಚಗಳೇ ಗತಿ. ಹೊರಗಿನ ಎಲೆಕ್ಟ್ರಾನ್‌ಗಳು ರಾಸಾಯನಿಕ ಬಂಧದಲ್ಲಿ ಸ್ವಲ್ಪ ಅಲುಗಾಡುತ್ತವಲ್ವಾ? ಹಾಗಾದರೆ ಅರ್ಧಾಯುಷ್ಯವೂ ಅಲುಗಾಡಬೇಕು. 1951ರಲ್ಲಿ ಬೇನ್‌ಬ್ರಿಜ್, ಗೋಲ್ಡ್‌ಹೇಬರ್, ವಿಲ್ಸನ್ ಇದನ್ನು ಅಳೆದರು. ಆಮ್ಲಜನಕದ ಜೊತೆ ಸೇರಿ ಪರ್ಟೆಕ್ನೆಟೇಟ್ ಆಗಿದ್ದಾಗ ಮತ್ತು ಗಂಧಕದ ಜೊತೆ ಸೇರಿ ಸಲ್ಫೈಡ್ ಆಗಿದ್ದಾಗ ಸುಮಾರು 0.3 ಶೇಕಡ ವ್ಯತ್ಯಾಸ. ಬಿಸಿ ಮಾಡಿದರೂ ಕುಟ್ಟಿದರೂ ಅರ್ಧಾಯುಷ್ಯ ಬದಲಾಗುವುದಿಲ್ಲ ಅಂತ ಶಾಲೆಯಲ್ಲಿ ಓದಿದ್ದೇವೆ. ಅದು ಬಹುಪಾಲು ನಿಜ, ಪೂರ್ತಿ ನಿಜವಲ್ಲ.

ಈಗ ಅಯಸ್ಕಾಂತಕ್ಕೆ ಬರೋಣ. ಈ ಕೆಲಸಕ್ಕೆ ಹೆಚ್ಚಾಗಿ ಬಳಸಿದ್ದು ಲೆನ್ಸ್ ಸ್ಪೆಕ್ಟ್ರೋಮೀಟರ್. ಒಂದು ಉದ್ದನೆಯ ಕೊಳವೆ, ಒಳಗೆ ನಿರ್ವಾತ, ಸುತ್ತ ತಾಮ್ರದ ಸುರುಳಿ. ಒಂದು ತುದಿಯಲ್ಲಿ ವಿಕಿರಣ ಮೂಲ, ಇನ್ನೊಂದು ತುದಿಯಲ್ಲಿ ಡಿಟೆಕ್ಟರ್. ಸುರುಳಿಯಲ್ಲಿ ಕರೆಂಟ್ ಹರಿಸಿದರೆ ಎಲೆಕ್ಟ್ರಾನ್‌ಗಳು ತಿರುತಿರುಗುತ್ತಾ ಹೋಗಿ ಆ ತುದಿಯಲ್ಲಿ ಸೇರುತ್ತವೆ. ಮಧ್ಯೆ ಉಂಗುರದಂಥ ಸೀಳು ಇಟ್ಟಿರುತ್ತಾರೆ. ಆ ಕರೆಂಟಿಗೆ ಹೊಂದುವ ಆವೇಗ ಇರುವ ಎಲೆಕ್ಟ್ರಾನ್ ಮಾತ್ರ ಸೀಳಿನಲ್ಲಿ ನುಸುಳುತ್ತದೆ, ಉಳಿದದ್ದು ಗೋಡೆಗೆ ಬಡಿಯುತ್ತದೆ. ನಟ್ಟನಡುವೆ ಒಂದು ಸೀಸದ ತುಂಡು. ಗಾಮಾ ಕಿರಣ ಅಯಸ್ಕಾಂತಕ್ಕೆ ಬಗ್ಗುವುದಿಲ್ಲ, ನೇರ ಬರುತ್ತದೆ, ಸೀಸಕ್ಕೆ ಬಡಿದು ಅಲ್ಲೇ ಮುಗಿಯುತ್ತದೆ. ಕರೆಂಟ್ ಬದಲಿಸಿದರೆ ಬೇರೆ ಗೆರೆ. ಅಷ್ಟೇ.

ಅಷ್ಟೇ ಅಂದೆ, ಆದರೆ ಕಷ್ಟ ಎಲ್ಲಾ ಎರಡು ತುದಿಗಳಲ್ಲಿದೆ. ಮೂಲ ತೆಳ್ಳಗಿರಬೇಕು. ದಪ್ಪ ಇದ್ದರೆ ಎಲೆಕ್ಟ್ರಾನ್ ಹೊರಬರುವಷ್ಟರಲ್ಲೇ ಶಕ್ತಿ ಕಳೆದುಕೊಳ್ಳುತ್ತದೆ, ಚೂಪಾದ ಗೆರೆಗೆ ಬಾಲ ಬರುತ್ತದೆ. ಅದಕ್ಕೇ ಕಣ್ಣಿಗೆ ಸರಿಯಾಗಿ ಕಾಣದಷ್ಟು ತೆಳುವಾದ ಲೇಪ, ಅದನ್ನು ಹೊರಲು ತೆಳು ಹಾಳೆ. ಇನ್ನೊಂದು ತುದಿಯಲ್ಲಿ ಪ್ಲಾಸ್ಟಿಕ್ ಸಿಂಟಿಲೇಟರ್, ಎಲೆಕ್ಟ್ರಾನ್ ಬಡಿದರೆ ಎರಡು ನ್ಯಾನೋಸೆಕೆಂಡಿನ ಆಸುಪಾಸಿನಲ್ಲಿ ಮಿನುಗಿ ಆರುತ್ತದೆ. ಆ ಮಿನುಗನ್ನು ಹಿಡಿಯುವ ಫೋಟೋಮಲ್ಟಿಪ್ಲೈಯರ್ ಟ್ಯೂಬ್‌ಗೆ ಅಯಸ್ಕಾಂತ ಅಂದರೆ ಆಗದು. ಸುರುಳಿಯ ಹತ್ತಿರ ಇಟ್ಟರೆ ಅದರ ಒಳಗಿನ ಎಲೆಕ್ಟ್ರಾನ್‌ಗಳೇ ದಾರಿ ತಪ್ಪುತ್ತವೆ. ದೂರ ಇಡಲು ಪಾರದರ್ಶಕ ಪ್ಲಾಸ್ಟಿಕ್‌ನ ಬೆಳಕಿನ ಕೊಳವೆ ಹಾಕುತ್ತಾರೆ. ಕೊಳವೆ ಉದ್ದವಾದಷ್ಟೂ ಬೆಳಕು ಸೋರುತ್ತದೆ, ಸಮಯದ ಗುರುತು ಮಸುಕಾಗುತ್ತದೆ. ಗಿಡ್ಡ ಮಾಡಿದರೆ ಅಯಸ್ಕಾಂತ ಕಾಟ ಕೊಡುತ್ತದೆ. ಟ್ಯೂಬ್ ಸುತ್ತ ಅಯಸ್ಕಾಂತದ ಪ್ರಭಾವ ತಡೆಯುವ ಮ್ಯೂ-ಮೆಟಲ್ ಅನ್ನೋ ಮಿಶ್ರಲೋಹ ಸುತ್ತಿ, ಕೊಳವೆಯ ಉದ್ದವನ್ನು ಎಲ್ಲೋ ನಡುವೆ ರಾಜಿ ಮಾಡಿಕೊಳ್ಳಬೇಕು.

ಇಂಥ ಎರಡು ಲೆನ್ಸ್‌ಗಳನ್ನು ಎದುರುಬದುರು ಇಟ್ಟು, ಮೂಲವನ್ನು ನಡುವೆ ಕೂರಿಸಿ, ಎರಡೂ ಕಡೆ ಎಲೆಕ್ಟ್ರಾನ್ ಹಿಡಿಯುವ ಯಂತ್ರವನ್ನು 1955ರಲ್ಲಿ ಸ್ವೀಡನ್‌ನ ಉಪ್ಸಾಲದಿಂದ ಟೋರ್ ರಾಗ್ನಾರ್ ಗೆರ್‌ಹೋಲ್ಮ್ ಪ್ರಕಟಿಸಿದರು. ಅದಕ್ಕೂ ಸ್ವಲ್ಪ ಮುಂಚೆ ಕೆನಡಾದ ಚಾಕ್ ರಿವರ್‌ನಲ್ಲಿ ಬೆಲ್, ಗ್ರಹಾಂ, ಪೆಚ್ ಎರಡು ಡಿಟೆಕ್ಟರ್‌ಗಳಿಗೆ ಒಟ್ಟಿಗೆ ಬಂದ ಜೋಡಿಯನ್ನು ಗುರುತಿಸುವ ಅತಿ ವೇಗದ ಕೋಇನ್ಸಿಡೆನ್ಸ್ ಸರ್ಕ್ಯೂಟ್ ಕಟ್ಟಿ ಇದೇ ದಾರಿ ಹಿಡಿದಿದ್ದರು. ಅವರ ಲೇಖನ 1952ರದ್ದು.

ಸಮಯ ಅಳೆಯುವುದು ಹೀಗೆ. ಮೊದಲ ಎಲೆಕ್ಟ್ರಾನ್ ಬಂದರೆ ನಾವು ಅಳೆಯುವ ಮಟ್ಟ ಹುಟ್ಟಿತು ಅಂತ, ಎರಡನೆಯದು ಬಂದರೆ ಅದು ಇಳಿಯಿತು ಅಂತ. ಮೊದಲನೆಯದು ಬಂದಾಗ ಒಂದು ಕೆಪಾಸಿಟರ್‌ಗೆ ಚಾರ್ಜ್ ತುಂಬಲು ಶುರು. ಎರಡನೆಯದು ಬಂದಾಗ ನಿಲ್ಲಿಸು. ಎಷ್ಟು ವೋಲ್ಟೇಜ್ ಏರಿದೆಯೋ ಅಷ್ಟು ಸಮಯ. ಸಮಯವನ್ನು ವೋಲ್ಟೇಜ್ ಮಾಡುವ ಈ ಉಪಾಯವನ್ನು 1940ರ ದಶಕದ ಮೊದಲಲ್ಲಿ ಬ್ರೂನೋ ರೊಸ್ಸಿ ಮತ್ತು ನೆರೆಸನ್ ಮ್ಯುಆನ್ ಅನ್ನೋ ಕಣದ ಆಯುಷ್ಯ ಅಳೆಯಲು ಬಳಸಿದ್ದರು. ಸರಿಯಾಗಿ ತೋರಿಸುತ್ತಿದೆಯೇ ಅಂತ ನೋಡಲು ಕೇಬಲ್ ಸೇರಿಸಿದರೆ ಸಾಕು. ಸಾಮಾನ್ಯ ಕೇಬಲ್‌ನಲ್ಲಿ ಸಿಗ್ನಲ್ ಒಂದು ನ್ಯಾನೋಸೆಕೆಂಡಿಗೆ ಸುಮಾರು 20 ಸೆಂಟಿಮೀಟರ್ ಹೋಗುತ್ತದೆ. ಪಿಕೋಸೆಕೆಂಡ್ ಅಂದರೆ ನ್ಯಾನೋಸೆಕೆಂಡಿನ ಸಾವಿರದಲ್ಲಿ ಒಂದು ಭಾಗ. ಹಾಗಾಗಿ 1 ಸೆಂಟಿಮೀಟರ್ ಕೇಬಲ್ ಅಂದರೆ 50 ಪಿಕೋಸೆಕೆಂಡ್. ಈ ಅಂಕಿ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಮೊದಲು ಸುಲಭದ ಉದಾಹರಣೆ. ಹಾಫ್ನಿಯಂ-181 ಬೀಟಾ ಬಿಟ್ಟು ಟ್ಯಾಂಟಲಂ-181 ಆಗುತ್ತದೆ. ಅಲ್ಲಿ 133 ಕೆಇವಿ ಇಳಿತ, ಅದರ ಹಿಂದೆಯೇ 482 ಕೆಇವಿ ಇಳಿತ. ಎಡಗಡೆ ಸ್ಪೆಕ್ಟ್ರೋಮೀಟರನ್ನು ಮೊದಲನೆಯದರ ಕೆ ಗೆರೆಗೆ, ಅಂದರೆ 65.6 ಕೆಇವಿಗೆ ಇಡಿ. ಬಲಗಡೆಯದನ್ನು 414.8ಕ್ಕೆ. ಎರಡರ ನಡುವಿನ ಸಮಯವನ್ನು ಲಾಗ್ ಹಾಳೆಯಲ್ಲಿ ಗುರುತು ಹಾಕುತ್ತಾ ಹೋದರೆ ನೇರವಾಗಿ ಇಳಿಯುವ ಗೆರೆ ಬರುತ್ತದೆ. ಅದರ ಓರೆ ನೋಡಿದರೆ ಸಾಕು, 10.8 ನ್ಯಾನೋಸೆಕೆಂಡ್ ಸಿಗುತ್ತದೆ. ಕೇಬಲ್ ಎಷ್ಟು ಉದ್ದ ಇತ್ತು, ಯಾವ ಟ್ಯೂಬ್ ನಿಧಾನ, ಇದ್ಯಾವುದೂ ಓರೆಯನ್ನು ಬದಲಿಸುವುದಿಲ್ಲ.

ಆಟ ಶುರುವಾಗುವುದು ಆಯುಷ್ಯ ನಿಮ್ಮ ಗಡಿಯಾರದ ಮಸುಕಿಗಿಂತ ಚಿಕ್ಕದಾದಾಗ. ಪಾದರಸಕ್ಕೆ ವಾಪಸ್ ಬರೋಣ. ಚಿನ್ನವನ್ನು ರಿಯಾಕ್ಟರಿನಲ್ಲಿಟ್ಟರೆ ಚಿನ್ನ-198 ಆಗುತ್ತದೆ, 2.7 ದಿನದ ಅರ್ಧಾಯುಷ್ಯದಲ್ಲಿ ಅದು ಪಾದರಸ-198 ಆಗುತ್ತದೆ. ರಸವಾದಿಗಳು ಕನಸು ಕಂಡಿದ್ದರ ಉಲ್ಟಾ! ಬೀಟಾ ಹೊರಟಾಗ 411.8 ಕೆಇವಿ ಮಟ್ಟ ಹುಟ್ಟುತ್ತದೆ. ಅದರ ಅರ್ಧಾಯುಷ್ಯ 23 ಪಿಕೋಸೆಕೆಂಡ್, ಸರಾಸರಿ ಆಯುಷ್ಯ 33. ಆ 33 ಪಿಕೋಸೆಕೆಂಡಿನಲ್ಲಿ ಬೆಳಕು ಹೋಗುವುದು ಒಂದೇ ಒಂದು ಸೆಂಟಿಮೀಟರ್. ನಮ್ಮ ಉಪಕರಣದ ಮಸುಕು 300 ಪಿಕೋಸೆಕೆಂಡ್ ಇದೆ ಅಂದುಕೊಳ್ಳಿ. ಹತ್ತು ಪಟ್ಟು ಮಸುಕಿನ ಕಣ್ಣಿನಲ್ಲಿ ಇದನ್ನು ನೋಡುವುದು ಹೇಗೆ?

ನಿಮ್ಮ ಬಸ್ಸು ದಿನಾ ಹತ್ತು ನಿಮಿಷ ಹಿಂದೆ ಮುಂದೆ ಬರುತ್ತದೆ. ಒಂದು ದಿನ ನೋಡಿ ಏನೂ ಹೇಳಲಾಗದು. ವರ್ಷವಿಡೀ ಬರೆದಿಟ್ಟು ಸರಾಸರಿ ತೆಗೆದರೆ, ವೇಳಾಪಟ್ಟಿಯಲ್ಲಿ ಒಂದು ನಿಮಿಷ ಬದಲಾದದ್ದೂ ಗೊತ್ತಾಗುತ್ತದೆ. ಇಲ್ಲೂ ಹಾಗೇ. ಹರಡಿನ ಅಗಲ ನೋಡಬೇಡಿ, ಅದರ ನಡುಬಿಂದು ಎಷ್ಟು ಸರಿದಿದೆ ನೋಡಿ. ಮಟ್ಟ ತಕ್ಷಣ ಇಳಿದಿದ್ದರೆ ಎಲ್ಲಿರಬೇಕಿತ್ತೋ, ಅಲ್ಲಿಂದ ಸರಿಯಾಗಿ ಸರಾಸರಿ ಆಯುಷ್ಯದಷ್ಟು ಸರಿದಿರುತ್ತದೆ. ಇದನ್ನು 1950ರಲ್ಲಿ ಲೆಕ್ಕದಲ್ಲಿ ತೋರಿಸಿದವರು ಜೋಲ್ಟಾನ್ ಬೇ. 1946ರಲ್ಲಿ ಹಂಗೇರಿಯಿಂದ ಚಂದ್ರನಿಗೆ ರೇಡಾರ್ ಹೊಡೆದು ಪ್ರತಿಧ್ವನಿ ಹಿಡಿದರಲ್ಲ, ಅದೇ ಬೇ. ಹತ್ತು ಸಾವಿರ ಜೋಡಿ ಸಿಕ್ಕರೆ ನಡುಬಿಂದುವಿನ ಅನಿಶ್ಚಿತತೆ ಮಸುಕಿನ ನೂರನೇ ಒಂದು ಭಾಗ. ಅಂದರೆ ಹೆಚ್ಚೆಂದರೆ ಮೂರು ಪಿಕೋಸೆಕೆಂಡ್.

ಹತ್ತು ಸಾವಿರ ಜೋಡಿಗೆ ಎಷ್ಟು ಹೊತ್ತು ಬೇಕು? ಸುಮ್ನೆ ಲೆಕ್ಕ ಹಾಕೋಣ. ಸೆಕೆಂಡಿಗೆ 10 ಲಕ್ಷ ನ್ಯೂಕ್ಲಿಯಸ್ ಕ್ಷಯಿಸುತ್ತವೆ ಅನ್ನಿ. ಅವುಗಳಲ್ಲಿ ಸುಮಾರು 3 ಶೇಕಡ ಕೆ ಎಲೆಕ್ಟ್ರಾನ್ ಕೊಡುತ್ತವೆ. ಲೆನ್ಸ್ ಹಿಡಿಯುವುದು ಅದರಲ್ಲಿ 2 ಶೇಕಡ ಅಂದುಕೊಂಡರೆ ಸೆಕೆಂಡಿಗೆ 600. ಆಚೆ ಕಡೆ ಬೀಟಾಗಳಲ್ಲಿ 5 ಶೇಕಡ ನಾವು ಆರಿಸಿದ ಶಕ್ತಿಯ ಕಿಟಕಿಯಲ್ಲಿ ಬೀಳುತ್ತವೆ, ಅದರಲ್ಲೂ 2 ಶೇಕಡ ಮಾತ್ರ ಒಳಗೆ. ಕೊನೆಗೆ ಎರಡು ಸೆಕೆಂಡಿಗೆ ಒಂದು ಜೋಡಿ ಸಿಕ್ಕರೆ ಹೆಚ್ಚು. ನಾಲ್ಕೈದು ಗಂಟೆ ಕಾಯಬೇಕು. ಮೂಲವನ್ನು ಹತ್ತು ಪಟ್ಟು ಜೋರು ಮಾಡಬಹುದಲ್ಲ ಅಂತ ಕೇಳಬಹುದು. ನಿಜವಾದ ಜೋಡಿ ಹತ್ತು ಪಟ್ಟಾಗುತ್ತದೆ, ಒಂದಕ್ಕೊಂದು ಸಂಬಂಧವಿಲ್ಲದ ಕಾಕತಾಳೀಯ ಜೋಡಿ ನೂರು ಪಟ್ಟಾಗುತ್ತದೆ. ಈ ಗಂಟೆಗಳಲ್ಲಿ ಕೋಣೆ ಬಿಸಿಯಾಗಿ ಎಲೆಕ್ಟ್ರಾನಿಕ್ಸ್ 30 ಪಿಕೋಸೆಕೆಂಡ್ ಸರಿದರೆ? ಅರ್ಧ ಇಂಚಿಗಿಂತ ಕಡಿಮೆ ಕೇಬಲ್‌ನಷ್ಟು ಅದು. ನೀವು ಅಳೆದದ್ದು ಪಾದರಸವನ್ನೋ, ಫ್ಯಾನಿನ ಗಾಳಿಯನ್ನೋ?

ಅದಕ್ಕೆ ಮದ್ದು ಅದಲುಬದಲು. ಸ್ವಲ್ಪ ಹೊತ್ತು ಎಡಗಡೆ ಬೀಟಾ, ಬಲಗಡೆ ಕೆ ಎಲೆಕ್ಟ್ರಾನ್. ಆಮೇಲೆ ಸುರುಳಿಗಳ ಕರೆಂಟ್ ಬದಲಿಸಿ ಎಡಗಡೆ ಕೆ, ಬಲಗಡೆ ಬೀಟಾ. ಕೇಬಲ್ ಮುಟ್ಟಬೇಡಿ. ಮೊದಲ ಸಲ ನಡುಬಿಂದು ಒಂದು ದಿಕ್ಕಿಗೆ 33 ಸರಿಯುತ್ತದೆ, ಎರಡನೇ ಸಲ ಉಲ್ಟಾ ದಿಕ್ಕಿಗೆ. ವ್ಯತ್ಯಾಸ ಆಯುಷ್ಯದ ಎರಡರಷ್ಟು. ಕೇಬಲ್, ಟ್ಯೂಬ್ ಎಲ್ಲಾ ವಜಾ ಆಗಿಹೋಗುತ್ತವೆ. ಮತ್ತೆ ಮತ್ತೆ ಅದಲುಬದಲು ಮಾಡುತ್ತಿದ್ದರೆ ನಿಧಾನದ ಸರಿತವೂ ವಜಾ.

ವಜಾ ಆಗದ್ದು ಒಂದಿದೆ, ಪ್ರಯಾಣದ ಸಮಯ. 329 ಕೆಇವಿಯ ಕೆ ಎಲೆಕ್ಟ್ರಾನ್ ಬೆಳಕಿನ ವೇಗದ 79 ಶೇಕಡದಲ್ಲಿ ಓಡುತ್ತದೆ. 397ರ ಎಲ್ ಎಲೆಕ್ಟ್ರಾನ್ 83 ಶೇಕಡದಲ್ಲಿ. ದಾರಿ 50 ಸೆಂಟಿಮೀಟರ್ ಅಂದುಕೊಂಡರೆ ಎರಡರ ನಡುವೆ 80 ಪಿಕೋಸೆಕೆಂಡ್ ಅಂತರ. ನಾವು ಅಳೆಯಬೇಕಾದ ಆಯುಷ್ಯದ ಎರಡೂವರೆ ಪಟ್ಟು! ಶಕ್ತಿ ಗೊತ್ತಿಲ್ಲದ ಎಲೆಕ್ಟ್ರಾನ್‌ಗಳನ್ನು ಬೆರೆಸಿಕೊಂಡು ಅಳೆದರೆ ಅಳತೆಗೆ ಅರ್ಥವೇ ಇಲ್ಲ ಅಂತಾಯಿತು. ಈಗ ಅಯಸ್ಕಾಂತದ ಬೆಲೆ ಗೊತ್ತಾಯಿತಲ್ಲ? ಬೀಟಾಗಳು ಎಲ್ಲಾ ಶಕ್ತಿಯಲ್ಲೂ ಸಿಗುವುದರಿಂದ ನಮಗೆ ಬೇಕಾದ್ದನ್ನು ಆರಿಸಬಹುದು. ಕೆ ಗೆರೆಗೆ ಹತ್ತಿರದ 350 ಕೆಇವಿ ಆರಿಸಿಕೊಳ್ಳಿ. ಅಂತರ 30 ಪಿಕೋಸೆಕೆಂಡಿಗೆ ಇಳಿಯುತ್ತದೆ. ಆವೇಗವನ್ನು ಅಯಸ್ಕಾಂತವೇ ಹೇಳಿರುವುದರಿಂದ ಆ 30ನ್ನೂ ಲೆಕ್ಕ ಹಾಕಿ ಕಳೆಯಬಹುದು. ಸಿಂಟಿಲೇಟರಿನಲ್ಲಿ ಎರಡರ ಮಿನುಗೂ ಹೆಚ್ಚುಕಡಿಮೆ ಒಂದೇ ಗಾತ್ರ, ಹಾಗಾಗಿ ಪಲ್ಸ್ ದೊಡ್ಡದು ಚಿಕ್ಕದು ಅನ್ನುವ ತಕರಾರೂ ಇಲ್ಲ. ಸರಿಯಾಗಿ 329ನ್ನೇ ಆರಿಸಿದರೆ ಇನ್ನೂ ಒಳ್ಳೆಯದಲ್ವಾ ಅಂದರೆ, ಆಗ ಯಾವ ಕಡೆ ಬೀಟಾ, ಯಾವ ಕಡೆ ಕೆ ಅಂತ ಗೊತ್ತಾಗದೆ ಎರಡು ಸರಿತಗಳೂ ಬೆರೆತುಹೋಗುತ್ತವೆ.

ಇಷ್ಟೆಲ್ಲಾ ಒದ್ದಾಡಿ 23 ಪಿಕೋಸೆಕೆಂಡ್ ಕಂಡುಹಿಡಿದು ಏನು ಸಿಕ್ಕಿತು? ಒಂದೇ ಒಂದು ಪ್ರೋಟಾನ್ ಮಟ್ಟ ಬದಲಿಸುತ್ತಿದೆ ಅಂದುಕೊಂಡು ವೈಸ್‌ಕೋಪ್ ಸೂತ್ರ ಹಾಕಿದರೆ ಈ ಇಳಿತಕ್ಕೆ 0.7 ನ್ಯಾನೋಸೆಕೆಂಡ್ ಬರಬೇಕು. ಬಂದದ್ದು ಅದಕ್ಕಿಂತ 30 ಪಟ್ಟು ಬೇಗ. ಅಂದರೆ ಒಂದು ಪ್ರೋಟಾನಿನ ಕೆಲಸ ಇದಲ್ಲ, ಹಲವು ಪ್ರೋಟಾನ್‌ಗಳು ಒಟ್ಟಿಗೆ ಅಲುಗುತ್ತಿವೆ. ಡಿಸ್‌ಪ್ರೋಸಿಯಂ, ಎರ್ಬಿಯಂ ಕಡೆ ಹೋದರೆ ಇದು ಸುಮಾರು 200 ಪಟ್ಟಾಗುತ್ತದೆ. ಅಲ್ಲಿ ನ್ಯೂಕ್ಲಿಯಸ್ ಉದ್ದುದ್ದಕ್ಕೆ ಎಳೆದಂತಿದ್ದು ಇಡೀ ಗಡ್ಡೆಯೇ ತಿರುಗುತ್ತದೆ. ಡಿಸ್‌ಪ್ರೋಸಿಯಂ-160ರ 87 ಕೆಇವಿ ಮಟ್ಟದ ಅರ್ಧಾಯುಷ್ಯ 2 ನ್ಯಾನೋಸೆಕೆಂಡ್. ಅದು ಇಳಿಯುವಾಗ ಐದರಲ್ಲಿ ನಾಲ್ಕು ಸಲ ಎಲೆಕ್ಟ್ರಾನನ್ನೇ ಕೊಡುತ್ತದೆ, ಗಾಮಾ ಕಡಿಮೆ. ಓಗೆ ಬೋರ್ ಮತ್ತು ಮೊಟೆಲ್‌ಸನ್ 1950ರ ದಶಕದಲ್ಲಿ ಈ ಒಟ್ಟು ಚಲನೆಯ ಸಿದ್ಧಾಂತ ಕಟ್ಟಿದಾಗ ಅದನ್ನು ಒರೆಗೆ ಹಚ್ಚಲು ಬೇಕಾಗಿದ್ದೇ ಇಂಥ ಆಯುಷ್ಯಗಳು. ಮಟ್ಟದ ಶಕ್ತಿ ಒಂದನ್ನೇ ನೋಡಿದರೆ ಹಲವು ಸಿದ್ಧಾಂತಗಳು ಸರಿ ಅನ್ನಿಸುತ್ತವೆ. ಆಯುಷ್ಯ ಕೇಳಿದಾಗ ಅವುಗಳಲ್ಲಿ ಹೆಚ್ಚಿನವು ಸೋಲುತ್ತವೆ.

ಉಪ್ಸಾಲ ಅಂದಾಗ ಕಾಯ್ ಸೀಗ್‌ಬಾನ್ ಹೆಸರು ಬಿಡಲಾಗದು. ಅಪ್ಪ ಮಾನ್ನೆ ಸೀಗ್‌ಬಾನ್‌ಗೆ 1924ರ ನೊಬೆಲ್, ಮಗನಿಗೆ 1981ರದ್ದು. ಮಗ ಶುರು ಮಾಡಿದ್ದು ನ್ಯೂಕ್ಲಿಯಸ್‌ನ ಬೀಟಾ ಸ್ಪೆಕ್ಟ್ರೋಮೀಟರ್‌ಗಳಿಂದ. ಅವನ್ನು ಎಷ್ಟು ನಿಖರ ಮಾಡಿದರೆಂದರೆ, ಎಕ್ಸ್-ರೇ ಬಿಟ್ಟು ಪರಮಾಣುವಿನಿಂದ ಎಬ್ಬಿಸಿದ ಎಲೆಕ್ಟ್ರಾನ್ ಅಳೆದರೆ, ಆ ಪರಮಾಣು ಯಾರ ಜೊತೆ ಬಂಧ ಬೆಸೆದಿದೆ ಅನ್ನುವುದೂ ಗೊತ್ತಾಗತೊಡಗಿತು. ನೊಬೆಲ್ ಬಂದದ್ದು ಅದಕ್ಕೆ. ನಮ್ಮ ಬೆಂಗಳೂರಿನ ಐಐಎಸ್‌ಸಿಯಲ್ಲಿ ಸಿ.ಎನ್.ಆರ್. ರಾವ್ ಅವರ ಗುಂಪು ಇದೇ ಎಲೆಕ್ಟ್ರಾನ್ ಸ್ಪೆಕ್ಟ್ರೋಸ್ಕೋಪಿಯನ್ನು ರಸಾಯನಶಾಸ್ತ್ರಕ್ಕೆ ಬಳಸಿತು. ಇವತ್ತು ವಸ್ತುವಿಜ್ಞಾನದ ದೊಡ್ಡ ಲ್ಯಾಬುಗಳಲ್ಲೆಲ್ಲಾ ಎಕ್ಸ್‌ಪಿಎಸ್ ಅಂತ ಒಂದು ಯಂತ್ರ ಇರುತ್ತದೆ. ಅದರ ಮನೆತನ ನ್ಯೂಕ್ಲಿಯರ್ ಭೌತಶಾಸ್ತ್ರದ್ದು.

ಈಗಲೂ ಎಲ್ಲರೂ ಜೋಡಿ ಲೆನ್ಸ್ ಇಟ್ಟುಕೊಂಡಿದ್ದಾರಾ? ಇಲ್ಲ. ಗಾಮಾ ಬಿದ್ದರೆ ಮಿನುಗುವ ಲ್ಯಾಂಥನಂ ಬ್ರೋಮೈಡ್ ಹರಳುಗಳು ಬಂದಮೇಲೆ ಗಾಮಾ ಕಿರಣಗಳಲ್ಲೇ ವೇಗವೂ ಸಿಗುತ್ತದೆ, ಶಕ್ತಿಯ ಗುರುತೂ ಸಾಕಷ್ಟು ಸಿಗುತ್ತದೆ. ಬಹಳಷ್ಟು ಕೆಲಸ ಆ ಕಡೆ ಹೋಯಿತು. ನಡುಬಿಂದು ನೋಡುವ ಉಪಾಯ ಮಾತ್ರ ಹಾಗೇ ಉಳಿಯಿತು. ಗಾಮಾ ಬಹಳ ಕಡಿಮೆ ಬರುವ ಕಡೆ, ಅಥವಾ ಬರುವುದೇ ಇಲ್ಲದ ಕಡೆ ಈಗಲೂ ಎಲೆಕ್ಟ್ರಾನೇ ಬೇಕು.

ಅಂಥ ಜಾಗಗಳಲ್ಲಿ ಎಲ್ಲಕ್ಕಿಂತ ವಿಚಿತ್ರ ಥೋರಿಯಂ-229. ಅದರ ಮೊದಲ ಉತ್ತೇಜಿತ ಮಟ್ಟ ಬರೀ 8.4 ಎಲೆಕ್ಟ್ರಾನ್ ವೋಲ್ಟ್. ಕಿಲೋ ಇಲ್ಲ, ಗಮನಿಸಿ. ಥೋರಿಯಂ ಪರಮಾಣುವಿನ ಹೊರಗಿನ ಎಲೆಕ್ಟ್ರಾನ್ ಬಿಡಿಸಲು 6.3 ಸಾಕು. ಹಾಗಾಗಿ ಪರಮಾಣು ತಟಸ್ಥವಾಗಿದ್ದರೆ ಶಕ್ತಿ ಎಲೆಕ್ಟ್ರಾನ್ ಮೂಲಕ ಓಡಿಹೋಗುತ್ತದೆ. 2017ರಲ್ಲಿ ಮ್ಯೂನಿಕ್‌ನ ಗುಂಪು ಹಾಗೆ ಅಳೆದ ಅರ್ಧಾಯುಷ್ಯ 7 ಮೈಕ್ರೋಸೆಕೆಂಡ್. 2019ರಲ್ಲಿ ಅದೇ ಗುಂಪು ಆ ಎಲೆಕ್ಟ್ರಾನ್‌ಗಳನ್ನು ಅಯಸ್ಕಾಂತೀಯ ಸ್ಪೆಕ್ಟ್ರೋಮೀಟರಿನಲ್ಲಿ ಹಿಡಿದು, ಮಟ್ಟದ ಶಕ್ತಿ 8.28 ಎಲೆಕ್ಟ್ರಾನ್ ವೋಲ್ಟ್, 0.17 ಆಚೀಚೆ ಅಂತ ಹೇಳಿತು. ಲೇಸರ್ ಎಲ್ಲಿ ಹುಡುಕಬೇಕು ಅನ್ನುವುದಕ್ಕೆ ಅದೊಂದು ದಾರಿ. 2024ರಲ್ಲಿ ಕ್ಯಾಲ್ಷಿಯಂ ಫ್ಲೋರೈಡ್ ಹರಳಿನೊಳಗೆ ಥೋರಿಯಂ ಕೂರಿಸಿ ಲೇಸರ್‌ನಿಂದ ಆ ಮಟ್ಟವನ್ನು ಎಬ್ಬಿಸಿದರು. ಆ ಹರಳಿನಲ್ಲಿ ಎಲೆಕ್ಟ್ರಾನ್ ಬಿಡಿಸಿಕೊಂಡು ಹೋಗಲು 8.4 ಸಾಲದು. ದಾರಿ ಮುಚ್ಚಿತು. ಸರಾಸರಿ ಆಯುಷ್ಯ 630 ಸೆಕೆಂಡ್‌ಗೆ ಏರಿತು. ಟೆಕ್ನೀಷಿಯಂನಲ್ಲಿ ರಸಾಯನಶಾಸ್ತ್ರ 0.3 ಶೇಕಡ ಅಲುಗಾಡಿಸಿತ್ತು, ಇಲ್ಲಿ ಸುಮಾರು ಆರು ಕೋಟಿ ಪಟ್ಟು.

ಈ ಮಟ್ಟವನ್ನು ಬಳಸಿ ನ್ಯೂಕ್ಲಿಯಸ್‌ನದ್ದೇ ಗಡಿಯಾರ ಮಾಡಬೇಕು ಅಂತ ಹಲವು ಗುಂಪುಗಳು ಕೆಲಸ ಮಾಡುತ್ತಿವೆ. ಹೆಚ್ಚಿನವರು ಎಲೆಕ್ಟ್ರಾನ್ ದಾರಿ ಮುಚ್ಚಿ, ಬರುವ ಬೆಳಕನ್ನು ನೋಡಲು ಹೊರಟಿದ್ದಾರೆ. ಕೆಲವರ ಯೋಚನೆ ಬೇರೆ: ದಾರಿ ತೆರೆದೇ ಇಟ್ಟು, ಲೇಸರ್ ತಾಗಿದ ಮೇಲೆ ಹೊರಬರುವ ಎಲೆಕ್ಟ್ರಾನ್‌ಗಳನ್ನೇ ಎಣಿಸಿದರೆ ಹತ್ತು ನಿಮಿಷ ಕಾಯಬೇಕಿಲ್ಲ, ಮೈಕ್ರೋಸೆಕೆಂಡ್‌ಗಳಲ್ಲಿ ಉತ್ತರ ಸಿಗುತ್ತದೆ.